ಇಲ್ಲದ ಕ್ಯಾಮೆರಾದೊಳಗೆ ಉಳಿದ ಮುಖ

ಯಾರಾದರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿದರೆ ಸಾಕು, ಶೀತಲಳ ಕೈಕೆಲಸ ಕೈಯಲ್ಲೇ ನಿಂತುಬಿಡುತ್ತಿತ್ತು. ಅಂಥ ಹುಡುಗಿಯನ್ನು ಆ ಶನಿವಾರ ಬೆಳಿಗ್ಗೆ ಕ್ಯಾಮೆರಾದ ಎದುರಿಗೆ ಕೂರಿಸಿದ್ದರು.

“ಸುಮ್ನೆ ಕೂತ್ಕೊಳ್ಳಿ ಶೀತಲ್. ಏನೂ ಮಾಡ್ಬೇಡಿ. ನಂಗೆ ಒಂದು ಮುಖ ಬೇಕು, ಅಷ್ಟೇ,” ಅಂದಳು ನಿಖಿತಾ, ಕೀಬೋರ್ಡಿನಿಂದ ಕಣ್ಣೆತ್ತದೆ.

“ನಿಮ್ಮ ಮಾರಿನೇ ಇಟ್ಕೊಳ್ರಿ ಅಕ್ಕಾರ. ಛಂದ ಅದ.”

“ನನ್ನ ಮುಖ ಅಲ್ಲಿಟ್ರೆ ಇಲ್ಲಿ ಟೈಪ್ ಮಾಡೋರು ಯಾರು, ನಿಮ್ಮ ಲಾಯರ್ ಸಾಯಲಿತಾಯಿನಾ?”

ಶೀತಲ ಸೆರಗಿನ ಹಾಗೆ ದುಪಟ್ಟಾ ಎಳೆದುಕೊಂಡು ಕೂತಳು. ಶಿವಾಜಿನಗರದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿದ್ದ ಆ ಎರಡು ಕೋಣೆಗಳೇ ಹೆಂಗಸರ ಸಹಾಯ ಕೇಂದ್ರ. ಅವಳು ಅಲ್ಲಿ ಕಸ ಗುಡಿಸುತ್ತಿದ್ದಳು, ಚಹಾ ಮಾಡುತ್ತಿದ್ದಳು. ಕಲಬುರ್ಗಿ, ಯಾದಗಿರಿ ಕಡೆಯಿಂದ ಈ ಮರಾಠಿ ಊರಿಗೆ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರು ಕನ್ನಡದಲ್ಲಿ ಹೇಳಿಕೊಂಡದ್ದನ್ನು ವಕೀಲೆ ಸಾಯಲಿಗೆ ಮರಾಠಿಯಲ್ಲಿ ಮೆಲ್ಲಗೆ ತಿಳಿಸುತ್ತಿದ್ದಳು. ಅಪ್ಪ ಜಟ್ಟೆಪ್ಪ ಸೆಂಟ್ರಿಂಗ್ ಕೆಲಸದವನು. ಒಂದು ಬಿಲ್ಡಿಂಗಿನ ಬುಡದಿಂದ ಇನ್ನೊಂದರ ಬುಡಕ್ಕೆ ಶೆಡ್ಡು ಬದಲಾಯಿಸುತ್ತ ತಿರುಗುವಾಗ ಅವಳ ಶಾಲೆ ಆರನೆಯ ಇಯತ್ತೆಗೇ ಎಲ್ಲೋ ಹಿಂದೆ ಉಳಿದುಹೋಗಿತ್ತು. ಈಗ ನಿಗಡಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದರು. ಅವಳು ಆಕುರ್ಡಿಯಲ್ಲಿ ಲೋಕಲ್ ಹತ್ತಿ ಬರುತ್ತಿದ್ದಳು.

ನಿಖಿತಾ ಮೈಸೂರಿನವಳು. ಹಡಪಸರದ ಕಂಪನಿಯೊಂದರಲ್ಲಿ ಕೆಲಸ. ರಜೆಯ ದಿನ ಕೇಂದ್ರಕ್ಕೆ ಬಂದು ಹಳೆಯ ಕಂಪ್ಯೂಟರಿಗೆ ಜೀವ ತುಂಬಿ ಹೋಗುತ್ತಿದ್ದಳು. ಈ ಸಲ ಬಂದದ್ದು ಮಾತ್ರ ಹುಲಿಗೆವ್ವನ ಸಲುವಾಗಿ.

ಹುಲಿಗೆವ್ವ ಶೀತಲಳ ಅವ್ವ ಸಕ್ಕುಬಾಯಿಯ ಊರಿನವಳು. ಅವಳು ಇಟ್ಟಿಗೆ ಹೊರುವ ಸೈಟಿನಲ್ಲಿ ಒಬ್ಬ ಸೂಪರ್‌ವೈಸರ್ ಹೆಣ್ಣಾಳುಗಳಿಗೆ ಕಾಟ ಕೊಡುತ್ತಿದ್ದ. ದೂರು ಹೋಗಿತ್ತು. ಸೋಮವಾರ ಸಮಿತಿಯೊಂದು ವಿಡಿಯೋ ಕಾಲಿನಲ್ಲಿ ಹೇಳಿಕೆ ಕೇಳುವುದಿತ್ತು. ಗುತ್ತೇದಾರನ ಕಡೆಯವರೂ ಆ ಕಾಲ್‌ನಲ್ಲಿ ಇರುತ್ತಾರೆ. ಅಷ್ಟು ಹೆಣ್ಣಾಳುಗಳಲ್ಲಿ ಒಬ್ಬಳೂ ಬಾಯಿ ಬಿಡಲು ತಯಾರಿರಲಿಲ್ಲ. “ಹೇಳೂದೇನೋ ಹೇಳತೀವಿ, ರಾತ್ರಿ ಮಲಗಾಕ ತಿರುಗಿ ಆ ಶೆಡ್ಡಿಗೇ ಹೋಗಬೇಕಲ್ಲ,” ಅಂದಿದ್ದಳು ಹುಲಿಗೆವ್ವ. ಆಗ ಶೀತಲ, ಯಾರಿಗೂ ಏನನ್ನೂ ಒತ್ತಾಯಿಸದ ಶೀತಲ, ಅವಳ ಕೈ ಹಿಡಿದು, “ನಿನ್ನ ಮಾರಿ ಯಾರಿಗೂ ಕಾಣಂಗಿಲ್ಲ ಅತ್ತಿ. ದನಿನೂ ಬ್ಯಾರೆ ಮಾಡತಾರ. ನಾ ಹೇಳತೀನಲ್ಲ,” ಅಂದುಬಿಟ್ಟಿದ್ದಳು. ಹುಲಿಗೆವ್ವ ಬಹಳ ಹೊತ್ತು ಅವಳ ಮುಖ ನೋಡಿ, ಆಗಲಿ ಅಂದಿದ್ದಳು. ಆ ಮಾತು ಈಗ ಶೀತಲಳ ಎದೆಯ ಮೇಲೆ ಕೂತಿತ್ತು.

ದನಿ ಬದಲಿಸುವ ಪ್ರೋಗ್ರಾಂ ತಕರಾರಿಲ್ಲದೆ ನಡೆಯುತ್ತಿತ್ತು. ತೊಂದರೆಯೆಲ್ಲ ಮುಖವನ್ನು ಮಸುಕು ಮಾಡಿ ತೋರಿಸುವುದರದ್ದೇ.

“ಕಂಪ್ಯೂಟರ್ ಒಳಗೊಂದು ಆಫೀಸಿದೆ ಅನ್ಕೊಳ್ಳಿ,” ನಿಖಿತಾ ಹೇಳಿದ್ದಳು. “ಕರ್ನಲ್ ಅಂತಾರೆ. ನಾವು ನೋಡೋ ಪ್ರೋಗ್ರಾಂಗಳೆಲ್ಲ ಹೊರಗಡೆ ಕ್ಯೂ ನಿಂತಿರ್ತವೆ. ಕ್ಯಾಮೆರಾ ಬೇಕಾ, ಕಿಟಕಿಲಿ ಕೇಳ್ಬೇಕು. ಒಳಗೆ ಯಾರಿಗೂ ಎಂಟ್ರಿ ಇಲ್ಲ. ಒಳಗೆ ಕ್ಯಾಮೆರಾ ವಿಷಯ ನೋಡ್ಕೊಳ್ಳೋ ಗುಮಾಸ್ತನೇ ಡ್ರೈವರ್. ನಮ್ಮ ಗುಮಾಸ್ತ ಸ್ವಲ್ಪ ಸುಳ್ಳುಗಾರ. ಅವನ ಹತ್ರ ಕ್ಯಾಮೆರಾನೇ ಇಲ್ಲ. ಆದ್ರೂ ಕೇಳಿದವರಿಗೆಲ್ಲ ‘ಇದೆ, ತಗೊಳ್ಳಿ’ ಅಂತಾನೆ.”

“ಕೇಳಿದವರಿಗೆ ಗೊತ್ತಾಗಂಗಿಲ್ಲೇನ್ರಿ?”

“ಹೇಗೆ ಗೊತ್ತಾಗುತ್ತೆ? ಕಿಟಕಿ ಆಚೆ ಯಾರೂ ನೋಡಿಲ್ವಲ್ಲ.”

ಶೀತಲ ಪರದೆಯ ಮೇಲೆ ನೋಡಿದಳು. ಅಲ್ಲಿ ಎರಡು ಕ್ಯಾಮೆರಾಗಳ ಹೆಸರುಗಳಿದ್ದವು. ಒಂದು ಮೇಜಿನ ಮೇಲೆ ಕಣ್ಣಿಗೆ ಕಾಣುತ್ತಿತ್ತು. ಇನ್ನೊಂದಕ್ಕೆ ಗಾಜಿಲ್ಲ, ವೈರಿಲ್ಲ, ತೂಕವಿಲ್ಲ. ನಿಖಿತಾ ನೀರು ಕುಡಿಯಲು ಎದ್ದಾಗ ಅವಳು ಸುಮ್ಮನೆ ಒಮ್ಮೆ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದಳು. ಧೂಳಿತ್ತು. ಹೆಸರೊಂದೇ ಇದ್ದು ಮೈ ಇಲ್ಲದ ಆ ವಸ್ತುವಿಗೆ ಸೋಮವಾರ ಇಡೀ ಸಮಿತಿ ಕಣ್ಣು ಕೊಟ್ಟು ಕೂರುತ್ತದೆ ಅನ್ನುವುದನ್ನು ನೆನೆಸಿದರೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

ಒಳಗೆ ನಡೆಯುವುದು ಹೀಗೆ: ನಿಜವಾದ ಕ್ಯಾಮೆರಾದಿಂದ ಬಂದ ಚಿತ್ರವನ್ನು ಒಂದು ಪ್ರೋಗ್ರಾಂ ಆ ಗುಮಾಸ್ತನ ಡಬ್ಬಿಗೆ ತುಂಬುತ್ತದೆ. ನಾಲ್ಕು ಡಬ್ಬಿಗಳು, ಮೆಸ್ಸಿನ ಊಟದ ಡಬ್ಬಿಗಳ ಹಾಗೆ ತಿರುಗುತ್ತಲೇ ಇರುತ್ತವೆ. ಒಬ್ಬರು ತುಂಬಬೇಕು, ಇನ್ನೊಬ್ಬರು ತೆಗೆದುಕೊಂಡು ಖಾಲಿ ಮಾಡಿ ಹಿಂದಿರುಗಿಸಬೇಕು. ಕೇಂದ್ರದ ಕಂಪ್ಯೂಟರ್ ಹಳೆಯದು. ಬೇರೆ ಪಾತ್ರೆಯಲ್ಲಿ ಮುಖ ಮಸುಕು ಮಾಡಿ ಡಬ್ಬಿಗೆ ಸುರಿಯುವಷ್ಟು ತ್ರಾಣ ಅದಕ್ಕಿಲ್ಲ. ಹಾಗಾಗಿ ಹಸಿ ಚಿತ್ರವನ್ನು ಡಬ್ಬಿಯಲ್ಲೇ ಹಾಕಿ, ಅಲ್ಲೇ ಮಸುಕು ಮಾಡಿ, ಆಮೇಲೆ “ತಯಾರು” ಎಂದು ಕೊಡಬೇಕಿತ್ತು.

ಮಧ್ಯಾಹ್ನ ಸಾಯಲಿ ತನ್ನ ಮನೆಯಿಂದ ಫೋನಿನಲ್ಲಿ ವಿಡಿಯೋ ಕಾಲ್‌ಗೆ ಸೇರಿದಳು. ಶೀತಲ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಅವಳಿದ್ದ ಜಾಗದಲ್ಲಿ ಮಂಜು ಕವಿದಂಥ ಒಂದು ಆಕಾರ. ಅವಳು ಕೈಯೆತ್ತಿದರೆ ಅದೂ ಎತ್ತಿತು. ಹುಟ್ಟಿದಾಗಿನಿಂದ ಅವಳು ಹೀಗೇ ಇರಲು ಬಯಸಿದ್ದಳು ಅನ್ನಿಸಿತು. ಇರಬೇಕು, ಆದರೆ ಯಾರಿಗೂ ಗುರುತು ಸಿಗಬಾರದು.

ಅಷ್ಟರಲ್ಲಿ ಲೈನು ಕಡಿಯಿತು. ಶೀತಲ ಎದ್ದು ಒಳಗಿನ ಕೋಣೆಗೆ ಹೋಗಿ ಚಹಾಕ್ಕೆ ಇಟ್ಟಳು. ನಿಖಿತಾ ಮತ್ತೆ ಕಾಲ್ ಜೋಡಿಸಿದಳು. ಸ್ಪೀಕರಿನಲ್ಲಿ ಸಾಯಲಿಯ ದನಿ ಬಂತು: “ಶೀತಲ, ತುಝಾ ಚೆಹರಾ ದಿಸ್ಲಾ ಗ.”

ನಿನ್ನ ಮುಖ ಕಂಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಆದರೆ ಮೂಗುಬೊಟ್ಟಿನ ಸಮೇತ ಸ್ವಚ್ಛವಾಗಿ ಕಂಡಿತು.

ಶೀತಲ ಇಕ್ಕಳ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಕುರ್ಚಿ ಖಾಲಿಯಿತ್ತು. ತಾನು ಎದ್ದು ಬಂದಿದ್ದೇನೆ, ಒಲೆಯ ಮುಂದೆ ನಿಂತಿದ್ದೆ. ಆದರೆ ಇನ್ನೊಬ್ಬ ಶೀತಲ ಆ ಇಲ್ಲದ ಕ್ಯಾಮೆರಾದೊಳಗೆ ಕೂತೇ ಇದ್ದಳು, ಮತ್ತು ಕಾಲ್‌ನ ಬಾಗಿಲು ತೆರೆದ ಕೂಡಲೇ ಮುಖ ತೋರಿಸಿದ್ದಳು. ಅವಳಿಗೆ ಭಯಕ್ಕಿಂತ ಮೊದಲು ಬಂದದ್ದು ಒಂದು ಥರದ ಬೆರಗು. ಭಯ ಆಮೇಲೆ ಬಂತು, ಹುಲಿಗೆವ್ವನ ಮುಖ ಹೊತ್ತುಕೊಂಡು.

“ಅಕ್ಕಾರ, ಸೋಮವಾರ ಹಿಂಗಾದ್ರ?”

ನಿಖಿತಾ ಆಗಲೇ ಕೀಬೋರ್ಡಿಗೆ ಬಗ್ಗಿದ್ದಳು. ಚಹಾ ಆರಿಹೋಯಿತು.

ಮೊದಲು ಅವಳು ಡ್ರೈವರಿನ ಒಳಗೆ ಅಲ್ಲಲ್ಲಿ ಸಾಲುಗಳನ್ನು ಸೇರಿಸಿದಳು. ಯಾವ ಡಬ್ಬಿ ಯಾರ ಕೈಗೆ ಹೋಯಿತೆಂದು ಪ್ರತಿ ಹೆಜ್ಜೆಗೂ ಬರೆದು ತೋರಿಸುವ ಸಾಲುಗಳು. ಸೇರಿಸಿದ ಮೇಲೆ ಎಷ್ಟು ಸಲ ತೆರೆದು ಮುಚ್ಚಿದರೂ ಮುಖ ಕಾಣಲೇ ಇಲ್ಲ. ತೆಗೆದಳು. ಮತ್ತೆ ಕಂಡಿತು.

“ನೋಡಿ ಇದರ ಕಳ್ಳಾಟ. ನಾವು ನೋಡ್ತಾ ಇದ್ರೆ ಒಳ್ಳೇ ಹುಡುಗಿ ಥರ ಇರುತ್ತೆ. ಬರೆಯೋಕೆ ಹಿಡಿಯೋ ಹೊತ್ತಲ್ಲಿ ಎಲ್ಲ ಒಂಚೂರು ನಿಧಾನ ಆಗುತ್ತಲ್ಲ, ಅಷ್ಟರಲ್ಲಿ ಡಬ್ಬಿ ತಯಾರಾಗಿಬಿಡುತ್ತೆ.”

“ನಾನೂ ಹಂಗೇ ಇದೀನ್ರಿ. ಯಾರರ ನೋಡಿದ್ರ ಕೈ ಓಡಂಗಿಲ್ಲ.”

ನಿಖಿತಾ ನಕ್ಕಳು. ನಕ್ಕವಳು ಹಾಗೇ ಯೋಚನೆಗೆ ಬಿದ್ದಳು. “ಹಾಗಿದ್ರೆ ಓಡಿಸೋದೇ ಬೇಡ. ನಡೆಸೋಣ. ನಾನೊಂದು ಸಲ ಕೀ ಒತ್ತಿದ್ರೆ ಒಂದೇ ಚಿತ್ರ ಡಬ್ಬಿಗೆ ಹೋಗ್ಲಿ. ‘ತಯಾರು’ ಅಂತ ಯಾವುದನ್ನೂ ಕೊಡೋದು ಬೇಡ. ಆಗ ಆ ಕಡೆ ಏನೂ ಕಾಣಬಾರದು. ಕಂಡರೆ, ಯಾವ ಡಬ್ಬಿಯಿಂದ ಅಂತ ಗೊತ್ತಾಗ್ಬೇಕು. ನಾಲ್ಕರಲ್ಲೂ ನಿಮ್ಮದೇ ಮುಖ ಇದ್ರೆ ಹೇಗೆ ಗೊತ್ತಾಗೋದು?”

ಶೀತಲಳ ಚೀಲದಲ್ಲಿ ಬಟ್ಟೆಯ ತುಂಡುಗಳಿದ್ದವು. ಅವ್ವ ಕೌದಿ ಹೊಲಿಯುತ್ತಿದ್ದಳು. ಕೆಳಗಿನ ಗಲ್ಲಿಯ ಟೇಲರ್ ಉಳಿಕೆ ತುಂಡುಗಳನ್ನು ಕೊಡುತ್ತಿದ್ದ. ಅವಳು ಅವನ್ನು ಮೇಜಿನ ಮೇಲೆ ಹರವಿದಳು. ಕೆಂಪು ಇಳಕಲ್ಲಿನ ಅಂಚು, ಹಳದಿ, ಹಸಿರು, ನೀಲಿ. ಆಮೇಲೆ ಕ್ಯಾಮೆರಾದ ಮುಂದೆ ಕೆಂಪು ಹಿಡಿದಳು. ನಿಖಿತಾ ಕೀ ಒತ್ತಿದಳು. ಹಳದಿ. ಒತ್ತಿದಳು. ಹಸಿರು, ನೀಲಿ. ನಾಲ್ಕು ಡಬ್ಬಿ, ನಾಲ್ಕು ಬಣ್ಣ. ನಂತರ ನಿಖಿತಾ ವಿಡಿಯೋ ಕಾಲ್ ಮುಚ್ಚಿ ಮತ್ತೆ ತೆರೆದಳು.

ಪರದೆಯ ತುಂಬ ಕೆಂಪು.

ಮೇಜಿನ ಮೇಲೆ ಮಡಚಿಟ್ಟಿದ್ದ ತುಂಡು, ಇಲ್ಲಿ ಎಳೆ ಎಳೆಯೂ ಎಣಿಸುವಷ್ಟು ಸ್ಪಷ್ಟ.

“ಕೊನೇಲಿ ತೋರಿಸಿದ್ದು ನೀಲಿ ಅಲ್ವಾ?” ನಿಖಿತಾ ಕೇಳಿದಳು.

“ಹೌದ್ರಿ. ಇದು ಮೊದಲನೇದು.”

“ಮೊದಲನೇದು,” ಅವಳು ತನಗೇ ಹೇಳಿಕೊಂಡಳು. “ಕೊನೇದಲ್ಲ, ಮೊದಲನೇದು.” ಕಾಲು ಮಡಿಚಿ ಕುರ್ಚಿಯ ಮೇಲೆ ಕೂತು ಕೋಡನ್ನು ಕೆಳಗಿನಿಂದ ಮೇಲಕ್ಕೆ ಓದತೊಡಗಿದಳು.

ಆ ಡ್ರೈವರನ್ನು ಯಾರೋ ಒಬ್ಬ ಬರೆದಿದ್ದ. ಆಮೇಲೆ ಯಾರ್ಯಾರೋ ತಮಗೆ ಬೇಕಾದ ಹಾಗೆ ತೇಪೆ ಹಾಕುತ್ತ ಹೋಗಿದ್ದರು. “ಇಲ್ಲಿ ನೋಡಿ, ಒಬ್ಬ ಮಹಾನುಭಾವ ಬರೆದಿದ್ದಾನೆ. ‘ಇದು ಯಾಕಿದೆಯೋ ಗೊತ್ತಿಲ್ಲ, ತೆಗೆದರೆ ಕೆಡುತ್ತೆ, ಮುಟ್ಟಬೇಡಿ.’”

“ನೀವು ಮುಟ್ಟತೀರೇನ್ರಿ?”

“ಮುಟ್ಟದೆ ಬಿಡ್ತೀನಾ?”

ತುಂಬುವವರ ಎಣಿಕೆ ಒಂದು, ತೆಗೆದುಕೊಳ್ಳುವವರ ಎಣಿಕೆ ಇನ್ನೊಂದು. ಎರಡೂ ಸರಿಯಿವೆಯೇ ಎಂದು ನೋಡುವ ತಪಾಸಣೆ ಮೂರು ಕಡೆ. ಬಾಗಿಲು ಮುಚ್ಚಿ ತೆರೆದಾಗ ತೆಗೆದುಕೊಳ್ಳುವವರ ಎಣಿಕೆ ಮಾತ್ರ ಮೊದಲಿನಿಂದ ಶುರುವಾಗುತ್ತಿತ್ತು. ಮೊದಲನೆಯ ಡಬ್ಬಿಯಲ್ಲಿ ಏನಿದೆ, ಬೆಂದಿದೆಯೋ ಇಲ್ಲವೋ ಕೇಳದೆ ಗುಮಾಸ್ತ ಅದನ್ನೇ ಎತ್ತಿ ಕೊಡುತ್ತಿದ್ದ. ನಿಖಿತಾ ಇನ್ನೊಂದು ತಪಾಸಣೆ ಸೇರಿಸುತ್ತಾಳೆ ಎಂದು ಶೀತಲ ಅಂದುಕೊಂಡಿದ್ದಳು. ಅವಳು ಅಳಿಸತೊಡಗಿದಳು. ಎರಡೂ ಎಣಿಕೆಗಳನ್ನು ಅಳಿಸಿದಳು. ಮೂರೂ ತಪಾಸಣೆಗಳು ಹೋದವು. ಪರದೆಯ ಮೇಲೆ ಕೆಂಪು ಗೆರೆ ಬಿದ್ದ ಸಾಲುಗಳು ಪುಟದ ಮೇಲೆ ಪುಟ ಮಾಯವಾಗುತ್ತಿದ್ದವು.

“ಇಷ್ಟೆಲ್ಲ ತೆಗದ್ರ ಕಾವಲಿಗೆ ಯಾರು ಉಳೀತಾರ್ರಿ?”

“ಕಾವಲೇ ಬೇಡದ ಹಾಗೆ ಮಾಡೋದು. ಇನ್ಮೇಲೆ ಡಬ್ಬಿಗಳು ನಿಲ್ಲೋಕೆ ಒಂದೇ ಒಂದು ಸಾಲು. ತಯಾರಾದ ಡಬ್ಬಿ ಮಾತ್ರ ಆ ಸಾಲಿಗೆ ಬರುತ್ತೆ. ತಗೊಳ್ಳೋರು ಸಾಲಿನಿಂದ ಮಾತ್ರ ತಗೋಬೇಕು. ಸಾಲು ಖಾಲಿ ಇದ್ರೆ ಕಾಯ್ಬೇಕು. ಹಸಿ ಡಬ್ಬಿಗೆ ಹೋಗೋ ದಾರಿನೇ ಇರಲ್ಲ. ಬಾಗಿಲು ಮುಚ್ಚುವಾಗ ನಾಲ್ಕನ್ನೂ ತೊಳೆದಿಡೋದು.”

ಶೀತಲ ನೋಡುತ್ತಿದ್ದಳು. ಅವಳು ಕಂಡ ಕಟ್ಟಡಗಳೆಲ್ಲ ಸೇರಿಸುತ್ತ ಹೋದಂತೆ ಗಟ್ಟಿಯಾಗುತ್ತಿದ್ದವು. ಸರಳು, ಜಲ್ಲಿ, ಸಿಮೆಂಟು. ಇಲ್ಲಿ ಒಬ್ಬ ಹೆಣ್ಣುಮಗಳು ಗೋಡೆಗಳನ್ನು ಒಂದೊಂದಾಗಿ ಕೆಡವುತ್ತಿದ್ದಾಳೆ, ಮನೆ ಮೊದಲಿಗಿಂತ ಭದ್ರವಾಗುತ್ತಿದೆ.

ಸಂಜೆ ಹೊತ್ತಿಗೆ ಹೊಸ ಡ್ರೈವರನ್ನು ಹಾಕಿ, ತೆರೆದು, ಮುಚ್ಚಿದಳು. ಮುಚ್ಚಿದ ಕೂಡಲೇ ಮೌಸಿನ ಬಾಣ ಸ್ತಬ್ಧವಾಯಿತು. ಗಡಿಯಾರವೂ ಪರದೆಯಲ್ಲಿ ನಿಂತುಹೋಯಿತು. ಶೀತಲ ಮೇಜಿನಿಂದ ಕೈ ಹಿಂದೆಳೆದುಕೊಂಡಳು.

“ನಾ ಏನೂ ಮುಟ್ಟಿಲ್ರಿ.”

“ನೀವಲ್ಲ, ನಾನೇ. ಹೊರಗಡೆ ಪ್ರೋಗ್ರಾಂ ಬಿದ್ರೆ ಅದೊಂದೇ ಬೀಳುತ್ತೆ. ಈ ಆಫೀಸಿನ ಒಳಗೆ ಯಾರಾದ್ರೂ ಬಿದ್ರೆ ಇಡೀ ಊರೇ ನಿಲ್ಲುತ್ತೆ.” ಅವಳು ಬಟನ್ ಒತ್ತಿಹಿಡಿದು ಕಂಪ್ಯೂಟರನ್ನು ಆರಿಸಿದಳು. “ಮನೆಗೆ ಹೋಗೋಣ. ನಾಳೆ ನೋಡ್ತೀನಿ.”

ಮರುದಿನ ಶೀತಲ ಬಂದಾಗ ನಿಖಿತಾ ಆಗಲೇ ಕೂತಿದ್ದಳು, ಕೈಯಲ್ಲಿ ವಡಾಪಾವ್. “ಸಿಕ್ತು. ಬಸ್ಸಲ್ಲಿ ಬರ್ತಾ ಹೊಳೀತು. ಸಾಲು ಖಾಲಿ ಇದ್ರೆ ಕಾಯ್ಬೇಕು ಅಂದಿದ್ನಲ್ಲ. ಕಾಯ್ತಾ ಒಬ್ಬ ಅಲ್ಲೇ ನಿದ್ದೆ ಹೋಗಿದ್ದ. ನಾನು ಅವನನ್ನ ಎಬ್ಬಿಸದೇ ಆಫೀಸಿಗೆ ಬೀಗ ಹಾಕೋಕೆ ಹೋದೆ. ಅವನು ಏಳಲ್ಲ, ಬೀಗ ಬೀಳಲ್ಲ. ಮುಚ್ಚೋಕೆ ಮುಂಚೆ ಎಬ್ಬಿಸೋಕೆ ಒಂದು ಸಾಲು ಕೋಡ್, ಅಷ್ಟೇ.”

ಅವಳು ಕೆಂಪು ತುಂಡನ್ನು ಶೀತಲಳ ಕೈಗೆ ಕೊಟ್ಟಳು. ಕೆಂಪು, ಹಳದಿ, ಹಸಿರು, ನೀಲಿ. ಮುಚ್ಚಿದಳು. ತೆರೆದಳು. ಪರದೆ ಕಪ್ಪಗಿತ್ತು. ಕಪ್ಪಾಗಿಯೇ ಇತ್ತು. ಮಸುಕು ಮಾಡುವ ಪ್ರೋಗ್ರಾಂ ಹಚ್ಚಿದ ಮೇಲೆ ಆ ಕಪ್ಪಿನಿಂದ ಮಂಜಿನ ಆಕಾರವೊಂದು ಎದ್ದು ಬಂತು. ಅದಕ್ಕೆ ಮೊದಲು ಒಂದು ಎಳೆಯೂ ಬರಲಿಲ್ಲ.

ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಏನೂ ಕಾಣದಿರುವುದಕ್ಕೆ ಎರಡು ದಿನ ಹಿಡಿದಿತ್ತು. ಶೀತಲ ಆ ಕಪ್ಪನ್ನು ನೋಡುತ್ತಲೇ ನಿಂತಳು.

ಮಧ್ಯಾಹ್ನ ಹುಲಿಗೆವ್ವ ಬಂದಳು. ಆದಿತ್ಯವಾರದ ಸಂತೆಗೆಂದು ಹೇಳಿ ಸೈಟಿನಿಂದ ಹೊರಟಿದ್ದಳು. ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿದಾಗಲೇ ನಿಖಿತಾ ದನಿ ತಗ್ಗಿಸಿ, “ಈಗ ಸರಿ ಹೋಗಿದೆಯಲ್ಲ, ನಿನ್ನೆ ವಿಷಯ ಹೇಳಿ ಹೆದರಿಸೋದು ಬೇಡ,” ಅಂದಿದ್ದಳು. ಶೀತಲ ತಲೆಯಾಡಿಸಿದ್ದಳು. ಆದರೆ ಹುಲಿಗೆವ್ವ ಚಪ್ಪಲಿ ಬಿಟ್ಟು ಒಳಗೆ ಬಂದು, “ಏನವ್ವಾ, ನಿನ್ನ ಮಾತಿನ ಮ್ಯಾಲ ಬಂದೀನಿ ನೋಡು,” ಅಂದಾಗ ಅವಳ ಬಾಯಿ ತಡೆಯಲಿಲ್ಲ.

“ಅತ್ತಿ, ನಿನ್ನೆ ನನ್ನ ಮಾರಿ ಕಂಡಿತ್ತು. ಒಂದು ಕ್ಷಣ. ಈಗ ಅಕ್ಕಾರು ರಿಪೇರಿ ಮಾಡ್ಯಾರ.”

ಹುಲಿಗೆವ್ವ ಕೂತವಳು ಎದ್ದಳು. “ಕಾಣಂಗಿಲ್ಲ ಅಂದಿದ್ದಿ.”

“ಅಂದಿದ್ದೆ.”

“ನಂದು ಕಂಡಿದ್ರ ನಾ ಎಲ್ಲಿಗೆ ಹೋಗಬೇಕಿತ್ತು? ನಿಮ್ಮ ಈ ಚಹಾದ ಖೋಲಿಗೇನು?” ಅವಳು ಚಪ್ಪಲಿಯ ಕಡೆ ನಡೆದಳು. ನಿಖಿತಾ ಏನೋ ವಿವರಿಸಲು ಹೋದಳು. ಸಾಲು, ಡಬ್ಬಿ, ಕಾಯುವುದು. ಹುಲಿಗೆವ್ವ ಅರ್ಧಕ್ಕೇ ಕೈ ಅಡ್ಡ ಹಿಡಿದಳು.

“ನೋಡ್ರಿ ಅಕ್ಕಾರ, ನಂಗ ಇದೆಲ್ಲ ತಿಳಿಯಂಗಿಲ್ಲ. ನಮ್ಮಲ್ಲಿ ನಿಂತು ಕೆಲಸ ಮಾಡಾಕ ಬಿದಿರಿನ ಹೊಸಾ ಪರಾಂಚಿ ಕಟ್ಟಿದ್ರ, ಅದರ ಮ್ಯಾಲ ಮೊದಲು ಕಟ್ಟಿದಾವನೇ ಹತ್ತತಾನ. ಅಂವ ಹತ್ತಿ ಕುಣಿದು ತೋರಿಸೂತನಕ ಯಾವ ಹೆಣ್ಣಾಳೂ ಬುಟ್ಟಿ ಹೊತ್ತು ಕಾಲಿಡಂಗಿಲ್ಲ. ಇದನ್ನ ಕಟ್ಟಿದಾಕಿ ಯಾರು?”

“ನಾನು,” ಅಂದಳು ನಿಖಿತಾ.

“ಹಂಗಾದ್ರ ನೀವು ಹತ್ರಿ.”

ಶನಿವಾರದಿಂದ ಶೀತಲಳನ್ನೇ ಕೂರಿಸಿದ್ದ ನಿಖಿತಾ ಕುರ್ಚಿಯ ಕಡೆ ನೋಡಿದಳು. ಕೂದಲು ಹಿಂದಕ್ಕೆ ಸರಿಸಿಕೊಂಡು, ಬರಿ ಮುಖದಲ್ಲಿ ಕ್ಯಾಮೆರಾದ ಎದುರು ಹೋಗಿ ಕೂತಳು. ಶೀತಲ ಹುಲಿಗೆವ್ವನನ್ನು ಒಳಕೋಣೆಗೆ ಕರೆದೊಯ್ದು ವಿಡಿಯೋ ಕಾಲ್‌ನ ಆ ಬದಿಯ ಫೋನನ್ನು ಅವಳ ಕೈಗಿತ್ತಳು. ಎಲ್ಲಿ ಒತ್ತಿದರೆ ತೆರೆಯುತ್ತದೆ, ಎಲ್ಲಿ ಒತ್ತಿದರೆ ಮುಚ್ಚುತ್ತದೆ ಅಂತ ತೋರಿಸಿದಳು. “ನಿನಗ ಸಾಕಾಗೂತನಕ ಒತ್ತು. ನೀ ಈ ಕಡೆ ಒತ್ತಿದಂಗ ಆ ಕಡೆ ಅಕ್ಕಾರು ಕ್ಯಾಮೆರಾನೂ ತೆರೆದು ಮುಚ್ಚತಾರ.”

ಸಿಮೆಂಟಿಗೆ ಬಿರಿದ ಬೆರಳು ಮೊದಲು ಅಳುಕುತ್ತ ಒತ್ತಿತು. ಕಪ್ಪು. ಆಮೇಲೆ ಮಂಜು. ಮುಚ್ಚಿದಳು, ತಟ್ಟನೆ ತೆರೆದಳು. ಕಪ್ಪು, ಮಂಜು. ಕಳ್ಳನನ್ನು ಹಿಡಿಯುವವಳ ಹಾಗೆ ಬೇರೆ ಕಡೆ ನೋಡುತ್ತ ನೋಡುತ್ತ ಒಮ್ಮೆಲೇ ಒತ್ತಿದಳು.

“ಏಳಾಕ ಹೇಳು ಆಕಿಗೆ,” ಅಂದಳು. ನಿಖಿತಾ ಎದ್ದಳು. “ಕೂಡಾಕ ಹೇಳು.” ಕೂತಳು. “ಮಾರಿ ಇನ್ನಷ್ಟು ಮುಂದ ತರಲಿ.” ತಂದಳು. ಹುಲಿಗೆವ್ವ ಫೋನನ್ನು ಶೀತಲಳ ಕೈಗಿಟ್ಟು, ಎದ್ದು ಹೋಗಿ ಯಾರಿಗೂ ಹೇಳದೆ ಮೇಜಿನ ಮೇಲಿನ ಕ್ಯಾಮೆರಾದ ವೈರನ್ನೇ ಕಿತ್ತಳು.

“ಅಯ್ಯೋ, ಅಮ್ಮ,” ಅಂದಳು ನಿಖಿತಾ.

“ಗಾಳಿ ಬಿಟ್ಟರೂ ಪರಾಂಚಿ ನಿಂದ್ರಬೇಕಲ್ರಿ.”

ಶೀತಲ ಫೋನು ನೋಡಿದಳು. ಪರದೆ ಕಪ್ಪಾಗಿ ಕಾಯುತ್ತಿತ್ತು. ಸುಳ್ಳುಗಾರ ಗುಮಾಸ್ತನ ಬಳಿ ಕೊಡಲು ಏನೂ ಇರಲಿಲ್ಲ. ಇಲ್ಲದ್ದನ್ನು ಅವನು ಕೊಡಲಿಲ್ಲ. ಹುಲಿಗೆವ್ವ ಅವಳ ಭುಜದ ಮೇಲಿಂದ ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ, “ಚಹಾ ಮಾಡವ್ವಾ. ಸಕ್ಕರಿ ಜಾಸ್ತಿ ಹಾಕು,” ಅಂದಳು.

ಸೋಮವಾರ ಹುಲಿಗೆವ್ವ ದವಾಖಾನೆಗೆ ಹೋಗುತ್ತೇನೆಂದು ಹೇಳಿ ಬಂದಿದ್ದಳು. ಸಾಯಲಿ ಮೇಜಿನ ಒಂದು ಬದಿಗೆ, ಶೀತಲ ಕ್ಯಾಮೆರಾಕ್ಕೆ ಕಾಣದಂತೆ ಇನ್ನೊಂದು ಬದಿಗೆ ಕೂತರು. ಹುಲಿಗೆವ್ವ ಹೇಳಿದ್ದನ್ನು ಶೀತಲ ಮರಾಠಿಯಲ್ಲಿ ಹೇಳಬೇಕಿತ್ತು. ನಿಖಿತಾ ರಜೆ ಹಾಕಿ ಬಂದು ಗೋಡೆಗೆ ಒರಗಿ ನಿಂತಿದ್ದಳು. ವಿಡಿಯೋ ಕಾಲ್ ತೆರೆಯಿತು. ಸಮಿತಿಯವರ ಮುಖಗಳು, ಗುತ್ತೇದಾರನ ವಕೀಲ, ಅವನ ಪಕ್ಕದಲ್ಲಿ ಆ ಸೂಪರ್‌ವೈಸರ್, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅವನು ಪರದೆಗೆ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದ.

ಹುಲಿಗೆವ್ವ ಇದ್ದ ಚೌಕ ಕಪ್ಪಗಿತ್ತು.

“ಕಾಹೀಚ ದಿಸತ ನಾಹೀ,” ಅಂದ ವಕೀಲ. ಏನೂ ಕಾಣುತ್ತಿಲ್ಲ.

“ಥಾಂಬಾ,” ಅಂದಳು ಸಾಯಲಿ. ತಾಳಿ.

ಆ ಒಂದು ಗಳಿಗೆಯಲ್ಲಿ ಶೀತಲ ಕಂಪ್ಯೂಟರಿನ ಒಳಗನ್ನೇ ಕಂಡಂತೆ ಕೂತಿದ್ದಳು. ಹುಲಿಗೆವ್ವನ ಹಸಿ ಮುಖ, ಹಣೆಯ ಹಚ್ಚೆಯ ಸಮೇತ, ಈಗ ಒಂದು ಡಬ್ಬಿಯಲ್ಲಿ ಬಿದ್ದಿದೆ. ಹೊರಗೆ ಇಷ್ಟು ಜನ ಕಿಟಕಿಗೆ ಕಣ್ಣು ಹಚ್ಚಿ ನಿಂತಿದ್ದಾರೆ. ನಡುವೆ ಬಾಗಿಲಿಲ್ಲ, ಬೀಗವಿಲ್ಲ, ಕಾವಲುಗಾರನಿಲ್ಲ. ಕೆಲವೇ ಸಾಲುಗಳಷ್ಟು ಖಾಲಿ ಜಾಗವಿದೆ. ಆ ಖಾಲಿ ಜಾಗವನ್ನು ದಾಟಿ ಯಾರೂ ಬರಲಾರರು.

ಕಪ್ಪಿನಿಂದ ಮಂಜಿನ ಹೆಂಗಸೊಬ್ಬಳು ಎದ್ದು ಬಂದಳು. ಸೂಪರ್‌ವೈಸರ್ ಇನ್ನೂ ಹತ್ತಿರ ಬಂದ. ಆಮೇಲೆ ನಿಧಾನವಾಗಿ ಹಿಂದಕ್ಕೆ ಒರಗಿದ.

ಹುಲಿಗೆವ್ವ ಅವನ ಮುಖವನ್ನು ನೆಟ್ಟ ಕಣ್ಣಿನಿಂದ ನೋಡಿದಳು. ಸೈಟಿನಲ್ಲಿ ಅವಳು ಎಂದೂ ಹಾಗೆ ನೋಡಿರಲಿಲ್ಲ. “ನಾವು ಜಳಕಾ ಮಾಡೂ ಜಾಗಾದಾಗ ತಗಡು ನಿಲ್ಲಿಸ್ಯಾರ್ರಿ,” ಅಂತ ಶುರುಮಾಡಿದಳು. “ಆ ತಗಡಿಗೆ ತೂತು ಹಾಕಿದಾವ ಯಾರಂತ ನಾ ಹೇಳತೀನಿ.”

ಎಲ್ಲರೂ ಮರಾಠಿಗಾಗಿ ಕಾದರು. ಶೀತಲ ಗಂಟಲು ಸರಿಮಾಡಿಕೊಂಡಳು, ಮತ್ತು ಕೋಣೆಗೆಲ್ಲ ಕೇಳುವ ದನಿಯಲ್ಲಿ ಹೇಳತೊಡಗಿದಳು.